ಶ್ರವಣಕುಮಾರನ ಕಥೆಯ ಉಳಿದರ್ಧವನ್ನೂ ಹೇಳಿ

ಮಾನ್ಯ ಸಂಪಾದಕರೇ,

ದಸರಾ ರಜೆ ಹತ್ತಿರ ಬಂತು. ಮೈಸೂರು, ಮಂಡ್ಯ ಕಡೆ ಗೊಂಬೆ ಕೂರಿಸುವ ಮನೆಗಳಲ್ಲಿ, ಬಡಾವಣೆಯ ಗ್ರಂಥಾಲಯಗಳಲ್ಲಿ, ರಜಾ ಶಿಬಿರಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪುರಾಣದ ಕಥೆ ಹೇಳುವ ಕಾಲ ಇದು. ಮಕ್ಕಳಿಗೆ ಒಳ್ಳೆಯದು ಕೆಟ್ಟದ್ದು ತಿಳಿಯಲಿ, ಜವಾಬ್ದಾರಿ ಬರಲಿ ಎಂಬುದೇ ಹೇಳುವವರೆಲ್ಲರ ಆಸೆ. ಆದರೆ ಜವಾಬ್ದಾರಿ ಕಲಿಸಬಲ್ಲ ಭಾಗವನ್ನೇ ಕತ್ತರಿಸಿ, ವಿಧೇಯತೆ ಕಲಿಸುವ ಭಾಗವನ್ನಷ್ಟೇ ಹೇಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಈ ಬಗ್ಗೆ ಕಥೆ ಹೇಳುವವರ ಗಮನಕ್ಕೆ ಒಂದಷ್ಟು ವಿಷಯ ತರಬೇಕೆನಿಸಿತು.

ಶ್ರವಣಕುಮಾರನ ಕಥೆಯನ್ನೇ ನೋಡಿ. ಕುರುಡ ತಂದೆತಾಯಿಯನ್ನು ಕಾವಡಿಯಲ್ಲಿ ಹೊತ್ತ ಮಗ, ನೀರು ತರಲು ಹೋದವನಿಗೆ ದಶರಥನ ಬಾಣ, ‘ಆದ್ದರಿಂದ ಮಕ್ಕಳೇ, ತಂದೆತಾಯಿಯ ಸೇವೆ ಮಾಡಬೇಕು’. ಇಲ್ಲಿಗೆ ಮುಗಿಯಿತು. ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಿ ಈ ಪ್ರಸಂಗದ ಭಾರವೆಲ್ಲ ಇರುವುದು ಬಾಣ ಬಿಟ್ಟ ಮೇಲೆ. ಮಳೆಗಾಲದ ರಾತ್ರಿ, ಸರಯೂ ದಂಡೆ. ಇನ್ನೂ ಯುವರಾಜನಾಗಿದ್ದ ದಶರಥ ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ತಿಳಿದು, ಕಣ್ಣಿಗೆ ಕಾಣದ್ದಕ್ಕೆ ಬಾಣ ಬಿಡುತ್ತಾನೆ. ಕೇಳಿಬಂದದ್ದು ಮನುಷ್ಯನ ಕೂಗು. ಸುತ್ತ ಯಾರೂ ಇಲ್ಲ, ಕಂಡವರಿಲ್ಲ. ಹುಡುಗ ಪ್ರಾಣ ಬಿಡುತ್ತಾನೆ. ದಶರಥ ಅಲ್ಲಿಂದ ಸದ್ದಿಲ್ಲದೆ ಅರಮನೆಗೆ ಹೋಗಬಹುದಿತ್ತು. ಹೋಗುವುದಿಲ್ಲ. ಅದೇ ಕೊಡದಲ್ಲಿ ನೀರು ತುಂಬಿಕೊಂಡು, ಹುಡುಗ ತೋರಿಸಿದ ಕಾಲುದಾರಿ ಹಿಡಿದು ಆಶ್ರಮಕ್ಕೆ ನಡೆಯುತ್ತಾನೆ. ಹೆಜ್ಜೆ ಸಪ್ಪಳ ಕೇಳಿದ ಮುದುಕ, ಬಂದವನು ಮಗನೇ ಎಂದುಕೊಂಡು ‘ಯಾಕಪ್ಪಾ ಇಷ್ಟು ತಡ, ನೀರು ಕೊಡು’ ಎನ್ನುತ್ತಾನೆ. ಆಗ ದಶರಥ, ನಾನು ನಿನ್ನ ಮಗನಲ್ಲ ಎಂದು ಶುರುಮಾಡಿ ನಡೆದದ್ದನ್ನೆಲ್ಲ ತನ್ನ ಬಾಯಿಂದಲೇ ಹೇಳುತ್ತಾನೆ. ನೀನಾಗಿ ಬಂದು ಹೇಳದೆ ಹೋಗಿದ್ದರೆ ನಿನ್ನ ತಲೆ ಸಾವಿರ ಹೋಳಾಗುತ್ತಿತ್ತು ಎಂಬರ್ಥದ ಮಾತನ್ನು ಆ ತಂದೆ ಆಡುತ್ತಾನೆ. ಶಾಪವನ್ನೂ ಕೊಡುತ್ತಾನೆ. ಒಪ್ಪಿಕೊಂಡದ್ದರಿಂದ ಶಿಕ್ಷೆಯೇನೂ ತಪ್ಪಲಿಲ್ಲ, ಆದರೆ ಒಪ್ಪಿಕೊಂಡದ್ದಕ್ಕೆ ಬೆಲೆ ಇತ್ತು. ಮಕ್ಕಳಿಗೆ ಇವೆರಡೂ ಒಟ್ಟಿಗೆ ತಿಳಿಯಬೇಕು. ಅದಕ್ಕೆ ಇದಕ್ಕಿಂತ ಒಳ್ಳೆಯ ಪ್ರಸಂಗ ಸಿಗುವುದು ಕಷ್ಟ.

ಇದನ್ನು ಹೇಳುವ ಕ್ರಮ ಹೀಗಿರಲಿ. ಒಂದು ಕೂಟಕ್ಕೆ 45 ನಿಮಿಷ ಸಾಕು, ಮಕ್ಕಳು 12ರಿಂದ 15. ಇಪ್ಪತ್ತೈದು ದಾಟಿದರೆ ಮುಂದಿನ ಸಾಲಿನ ನಾಲ್ವರು ಮಾತ್ರ ಮಾತಾಡುತ್ತಾರೆ, ಉಳಿದವರು ಪ್ರೇಕ್ಷಕರಾಗುತ್ತಾರೆ. ಹಾಗಾದಾಗ ಎರಡು ಗುಂಪು ಮಾಡುವುದೇ ಮೇಲು. ಮೊದಲ 15 ನಿಮಿಷ ಕಥೆ. ಪಾತ್ರ ಒಂದು ತೀರ್ಮಾನಕ್ಕೆ ಬರಬೇಕಾದ ಜಾಗದಲ್ಲಿ ನಿಲ್ಲಿಸಬೇಕು. ಶ್ರವಣನ ಕಥೆಯಲ್ಲಿ ಅಂಥ ಜಾಗ ಮೂರ್ನಾಲ್ಕಿವೆ: ಬಾಣ ಹೂಡುವ ಮುನ್ನ, ಕೂಗು ಕೇಳಿದೊಡನೆ, ಕೊಡ ಹೊತ್ತು ನಡೆಯುವಾಗ, ಮುದುಕ ಮಾತಾಡಿಸಿದಾಗ. ಎಲ್ಲ ಕಡೆ ನಿಲ್ಲಿಸಿದರೆ ಕಥೆ ಸಾಯುತ್ತದೆ, ಒಂದನ್ನು ಮಾತ್ರ ಆರಿಸಿಕೊಳ್ಳಿ. ಒಂಬತ್ತರಿಂದ ಹನ್ನೆರಡು ವರ್ಷದವರಿಗೆ ಕೂಗು ಕೇಳಿದ ಕ್ಷಣ ಸರಿಹೊಂದುತ್ತದೆ. ಅಲ್ಲಿ ನಿಲ್ಲಿಸಿ ‘ಈಗ ಇವನು ಏನೇನು ಮಾಡಬಹುದು?’ ಎಂದಷ್ಟೇ ಕೇಳಿ ಸುಮ್ಮನಿರಿ. ಅರ್ಧ ನಿಮಿಷ ಯಾರೂ ಮಾತಾಡುವುದಿಲ್ಲ. ಹೇಳುವವರು ತಡೆಯಲಾರದೆ ತಾವೇ ಉತ್ತರ ಕೊಟ್ಟುಬಿಡುವುದು ಇಲ್ಲಿಯೇ. ತಡೆದುಕೊಳ್ಳಬೇಕು.

‘ಓಡಿಹೋಗಬಹುದು’ ಎಂದು ಯಾವುದಾದರೂ ಮಗು ಹೇಳಿಯೇ ಹೇಳುತ್ತದೆ. ಅದು ಪ್ರಾಮಾಣಿಕ ಉತ್ತರ. ‘ಛೇ, ಹಾಗೆಲ್ಲ ಹೇಳಬಾರದು’ ಎಂದರೆ ಆಮೇಲೆ ಬರುವ ಉತ್ತರಗಳೆಲ್ಲ ನಿಮ್ಮನ್ನು ಮೆಚ್ಚಿಸುವುದಕ್ಕೇ ಬರುತ್ತವೆ. ಓಡಿಹೋದರೆ ಮುಂದೇನಾಗುತ್ತದೆ, ನೀರಿಗಾಗಿ ಕಾಯುತ್ತಿರುವವರ ಗತಿ ಏನು ಎಂದು ಅದೇ ಮಗುವನ್ನು ಕೇಳಿ. ಹತ್ತು ನಿಮಿಷ ಮಾತು ನಡೆಯಲಿ, ಆಮೇಲೆ ಕಥೆ ಮುಗಿಸಿ.

ಕೊನೆಯಲ್ಲಿ ‘ಇದರಿಂದ ಏನು ಕಲಿತಿರಿ?’ ಎಂಬ ಪ್ರಶ್ನೆ ಬೇಡವೇ ಬೇಡ. ಅದಕ್ಕೆ ಉತ್ತರ ಎಲ್ಲ ಮಕ್ಕಳಿಗೂ ಬಾಯಿಪಾಠ. ಬದಲಿಗೆ ಮೂರು ಪ್ರಶ್ನೆ ಕೇಳಬಹುದು: ಇದರಿಂದ ನಷ್ಟವಾದದ್ದು ಯಾರಿಗೆ? ಅದರಲ್ಲಿ ಸರಿಪಡಿಸಬಹುದಾದದ್ದು ಎಷ್ಟು, ಆಗದೆ ಉಳಿದದ್ದು ಎಷ್ಟು? ಸರಿಪಡಿಸಲು ಮೊದಲು ಯಾರ ಹತ್ತಿರ ಹೋಗಬೇಕಿತ್ತು? ಮೂರನೆಯ ಪ್ರಶ್ನೆಗೆ ಮಕ್ಕಳು ‘ದೇವರ ಹತ್ತಿರ’ ಎನ್ನುವುದುಂಟು. ದಶರಥ ದೇವಸ್ಥಾನಕ್ಕೆ ಹೋಗಲಿಲ್ಲ, ಮಗನನ್ನು ಕಳೆದುಕೊಂಡವರ ಮನೆಗೇ ಹೋದ ಎಂದು ನೆನಪಿಸಿದರೆ ಸಾಕು.

ಕಥೆ ಅಷ್ಟಕ್ಕೇ ನಿಂತರೆ ಅದು ಒಳ್ಳೆಯ ಸಂಜೆ, ಅಷ್ಟೆ. ಬೆಳವಣಿಗೆ ಆಗಬೇಕಾದರೆ ಮಗುವಿನ ಕೈಗೆ ಒಂದು ಕೆಲಸ ಬರಬೇಕು. ಒಂದು ವಾರದ ಅವಧಿ, ದಿನಕ್ಕೆ ಐದು ಹತ್ತು ನಿಮಿಷದ ಕೆಲಸ. ಮಗುವೇ ಆರಿಸಿಕೊಂಡಿರಬೇಕು, ಅದನ್ನು ಮಾಡದಿದ್ದರೆ ಬೇರೆ ಯಾರಿಗಾದರೂ ನಿಜವಾಗಿ ತೊಂದರೆಯಾಗುವಂತಿರಬೇಕು. ಅಜ್ಜಿಯ ಕನ್ನಡಕ ಒರೆಸಿ ದಿಂಬಿನ ಪಕ್ಕ ಇಡುವುದು, ರಾತ್ರಿ ಊಟಕ್ಕೆ ಎಲ್ಲರಿಗೂ ನೀರಿಡುವುದು, ತರಗತಿಯ ಬೀಗದ ಕೈ ತಂದುಕೊಡುವುದು ಇಂಥವು. ಔಷಧಿ, ಒಲೆ, ರಸ್ತೆ ದಾಟುವ ಕೆಲಸ ಬೇಡ, ಅವು ದೊಡ್ಡವರವು. ದೊಡ್ಡವರು ನೆನಪಿಸಬಾರದು, ಇದೇ ಷರತ್ತು. ಮರೆತರೆ ಆ ಕೆಲಸವನ್ನು ನೀವೇ ಮಾಡಿ ಮುಗಿಸಿಬಿಡಬೇಡಿ. ಮಾಡಿದರೆ, ನಾನು ಬಿಟ್ಟರೆ ಇನ್ನೊಬ್ಬರು ಮಾಡುತ್ತಾರೆ ಎಂದು ಮಗು ಕಲಿಯುತ್ತದೆ. ಬೈದರೆ ಮುಚ್ಚಿಡುವುದನ್ನು ಕಲಿಯುತ್ತದೆ. ಆ ಮೂರು ಪ್ರಶ್ನೆಗಳನ್ನೇ ಮತ್ತೆ ಕೇಳಿ. ಚಾಕೊಲೇಟು, ಸ್ಟಾರು ಕೊಡುವ ಪದ್ಧತಿಯೂ ಬೇಡ. ಅದು ನಿಂತ ದಿನ ಕೆಲಸವೂ ನಿಲ್ಲುತ್ತದೆ.

ಕಥೆಯ ಆಯ್ಕೆಯಲ್ಲಿ ನೋಡಬೇಕಾದದ್ದು ಒಂದು ತೀರ್ಮಾನ, ಅದಕ್ಕೆ ತೆತ್ತ ಬೆಲೆ, ಆಮೇಲಿನ ನಡೆ. ಮೂರೂ ಇರುವ ಕಥೆಗಳಿಗೆ ಮಹಾಭಾರತದ ಆದಿಪರ್ವದಲ್ಲಿ ಬರವಿಲ್ಲ. ಬೇಟೆಯಲ್ಲಿ ದಣಿದ ಪರೀಕ್ಷಿತ ರಾಜ ಮೌನವ್ರತದಲ್ಲಿದ್ದ ಶಮೀಕ ಋಷಿಯ ಕೊರಳಿಗೆ ಸತ್ತ ಹಾವು ಹಾಕಿದ್ದು, ಮಗ ಶೃಂಗಿ ಕೋಪದಲ್ಲಿ ಶಾಪ ಕೊಟ್ಟದ್ದು ಎಲ್ಲರಿಗೂ ಗೊತ್ತು. ಅವಮಾನಕ್ಕೆ ಒಳಗಾದ ಶಮೀಕನೇ ಮಗನನ್ನು ತಿದ್ದುತ್ತಾನೆ, ತನ್ನ ಶಿಷ್ಯ ಗೌರಮುಖನನ್ನು ಅಟ್ಟಿ ರಾಜನಿಗೆ ಎಚ್ಚರಿಕೆ ಮುಟ್ಟಿಸುತ್ತಾನೆ ಎಂಬುದನ್ನು ಹೇಳುವವರು ಕಡಿಮೆ. ಈ ಕಥೆಗೆ ತಂದೆತಾಯಿಯರನ್ನೂ ಜೊತೆಗೆ ಕೂರಿಸಿಕೊಳ್ಳಿ. ಇನ್ನು ಶೂಲಕ್ಕೇರಿಸಲಾದ ಮಾಂಡವ್ಯ ಋಷಿ. ಚಿಕ್ಕಂದಿನಲ್ಲಿ ಹುಳುಗಳನ್ನು ಹುಲ್ಲುಕಡ್ಡಿಯಿಂದ ಚುಚ್ಚಿದ್ದಕ್ಕೆ ಶೂಲದ ಶಿಕ್ಷೆಯೇ ಎಂದು ಅವನು ಯಮಧರ್ಮನನ್ನೇ ತರಾಟೆಗೆ ತೆಗೆದುಕೊಂಡು, ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪವಾಗದು ಎಂದು ಕಟ್ಟಳೆ ಹಾಕುತ್ತಾನೆ, ಶೂದ್ರಯೋನಿಯಲ್ಲಿ ಹುಟ್ಟು ಎಂದು ಶಪಿಸುತ್ತಾನೆ. ಆ ಯಮನೇ ವಿದುರನಾಗಿ ಹುಟ್ಟುತ್ತಾನೆ. ಯಾವ ವಯಸ್ಸಿನಿಂದ ಹೊಣೆ ಶುರು, ಶಿಕ್ಷೆ ಎಷ್ಟಿರಬೇಕು ಎಂಬ ಚರ್ಚೆಗೆ ಎಂಟನೇ ತರಗತಿಯವರ ಮುಂದೆ ಇದನ್ನಿಟ್ಟು ನೋಡಿ, ಗಂಟೆ ಸಾಲದು.

ಪಾಂಡವಪುರದ ಕುಂತಿ ಬೆಟ್ಟಕ್ಕೆ ಮಕ್ಕಳನ್ನು ಕರೆದೊಯ್ಯುವವರು ಬಕಾಸುರನ ಕಥೆ ಹೇಳದೆ ಇಳಿಯುವುದಿಲ್ಲ. ಭೀಮ ಬಂಡಿ ಅನ್ನ ತಿಂದದ್ದಕ್ಕೆ ಮಕ್ಕಳು ನಗಲಿ, ನಗಬೇಕು. ಆದರೆ ಅದಕ್ಕೆ ಮುಂಚಿನ ಮನೆಯ ದೃಶ್ಯವನ್ನು ಬಿಡಬೇಡಿ. ಸರದಿ ಬಂದ ಆ ಬಡ ಸಂಸಾರದಲ್ಲಿ ಗಂಡ ನಾನು ಹೋಗುತ್ತೇನೆ ಎನ್ನುತ್ತಾನೆ, ಹೆಂಡತಿ ನಾನು ಎನ್ನುತ್ತಾಳೆ, ಮಗಳು ನಾನು ಎನ್ನುತ್ತಾಳೆ. ತೊದಲು ಮಾತಿನ ಗಂಡುಮಗು ಒಂದು ಹುಲ್ಲುಕಡ್ಡಿ ಎತ್ತಿಕೊಂಡು, ಇದರಿಂದ ನಾನೇ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತದೆ. ಕುಂತಿ ಕಾಲಿಡುವುದು ಆ ಗಳಿಗೆಯಲ್ಲಿ. ಭೀಮನನ್ನು ಕಳಿಸಿದ್ದಕ್ಕೆ ಧರ್ಮರಾಯ ಅವಳನ್ನು ಆಕ್ಷೇಪಿಸುತ್ತಾನೆ. ಇವರ ಮನೆಯಲ್ಲಿ ನೆಮ್ಮದಿಯಾಗಿದ್ದೆವು, ಅದಕ್ಕೆ ಪ್ರತಿಯಾಗಿ ನಾವೂ ಮಾಡಬೇಡವೇ ಎಂಬುದು ಅವಳ ವಾದ. ಅಣ್ಣನ ಮಾತು ಸರಿಯೋ ಅಮ್ಮನ ಮಾತು ಸರಿಯೋ ಎಂದು ಕೇಳಿ, ಬೆಟ್ಟ ಇಳಿಯುವವರೆಗೂ ಮಕ್ಕಳು ಜಗಳವಾಡುತ್ತಾರೆ.

ಆರರಿಂದ ಎಂಟು ವರ್ಷದವರಿಗೆ ಪುಣ್ಯಕೋಟಿ ಸಾಕು. ಅದರಲ್ಲೂ ಕೊಟ್ಟ ಮಾತಿನ ಮೇಲೇ ಎಲ್ಲರ ಕಣ್ಣು. ಹುಲಿಯ ಬಳಿಗೆ ಮರಳುವ ಮುನ್ನ ಅವಳು ಕರುವನ್ನು ಬಳಗದ ಹಸುಗಳಿಗೆ ಒಪ್ಪಿಸಿ ಹೋಗುತ್ತಾಳಲ್ಲ, ಅದೂ ಅಷ್ಟೇ ದೊಡ್ಡದು. ಕೂಟದಲ್ಲಿ ತಾಯಿಯನ್ನು ಕಳೆದುಕೊಂಡ ಮಗು ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಇದ್ದರೆ ಆ ದಿನ ಬೇರೆ ಕಥೆ.

ಕೆಡುವುದು ಎಲ್ಲೆಲ್ಲಿ ಎಂದೂ ಹೇಳಬೇಕು. ಮೊದಲನೆಯದು ಹೋಲಿಕೆ. ‘ಶ್ರವಣಕುಮಾರನನ್ನು ನೋಡು, ನಿನ್ನನ್ನು ನೋಡು’ ಎಂದು ಮನೆಯಲ್ಲಿ ಒಮ್ಮೆ ಅಂದರೆ ಮುಗಿಯಿತು, ಆ ಕಥೆಯನ್ನು ಕಂಡರೆ ಮಗುವಿಗೆ ಆಗುವುದಿಲ್ಲ. ಎರಡನೆಯದು ವಿಧಿ, ಶಾಪ. ಎಲ್ಲ ಮೊದಲೇ ಬರೆದಿತ್ತು ಎಂದರೆ ಯಾರ ಮೇಲೂ ಹೊಣೆ ಉಳಿಯುವುದಿಲ್ಲ. ಶಾಪ ಇದ್ದರೆ ಇರಲಿ, ಆ ದಿನ ಆ ಜಾಗದಲ್ಲಿ ಪಾತ್ರದ ಕೈಯಲ್ಲಿ ಏನಿತ್ತು ಎಂಬುದಕ್ಕೇ ಪ್ರಶ್ನೆಯನ್ನು ಎಳೆದುತನ್ನಿ. ಮೂರನೆಯದು ವೀರಪೂಜೆ. ಹದಿಹರೆಯದ ಹುಡುಗರಿಗೆ ಕರ್ಣ ಎಂದರೆ ಪ್ರಾಣ. ಅವನ ಸ್ನೇಹ, ದಾನ ಎರಡನ್ನೇ ಹೊಗಳುತ್ತಾ ಹೋದರೆ ತುಂಬಿದ ಸಭೆಯಲ್ಲಿ ದ್ರೌಪದಿಯ ವಿಷಯದಲ್ಲಿ ಅವನಾಡಿದ ಮಾತು ಮರೆಯಾಗುತ್ತದೆ. ಉದ್ಯೋಗಪರ್ವದಲ್ಲಿ ಕರ್ಣ ತಾನೇ ಕೃಷ್ಣನ ಮುಂದೆ, ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಕಟುವಾಗಿ ಮಾತಾಡಿದೆ, ಅದಕ್ಕಾಗಿ ಈಗ ಬೇಯುತ್ತಿದ್ದೇನೆ ಎನ್ನುತ್ತಾನೆ. ಗೆಳೆಯನನ್ನು ಮೆಚ್ಚಿಸಲು ಇನ್ನೊಬ್ಬರನ್ನು ನೋಯಿಸುವುದು ಹದಿನೈದರ ಹುಡುಗರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಏಕಲವ್ಯನ ಕಥೆಯಲ್ಲೂ ಪ್ರಶ್ನೆ ಹೆಬ್ಬೆರಳು ಕೊಟ್ಟವನಿಗಲ್ಲ, ಕೇಳಿದವನಿಗೆ. ಇನ್ನೊಂದು, ನಾಟಕ ಆಡಿಸುವಾಗ ಮಹಿಷಾಸುರನ ಪಾತ್ರ ಪ್ರತಿವರ್ಷ ಕಪ್ಪಗಿರುವ ಹುಡುಗನಿಗೋ ದಪ್ಪಗಿರುವ ಹುಡುಗನಿಗೋ ಹೋಗುತ್ತದೆ. ಇದು ಅನ್ಯಾಯ. ಚೀಟಿ ಎತ್ತಿಸಿ, ಪಾತ್ರಗಳನ್ನು ಅದಲುಬದಲು ಮಾಡಿಸಿ.

ಹಳೆಯ ಕಾವ್ಯವನ್ನು ಬಳಸುವವರಿಗೆ ಒಂದು ಮಾತು. ಕುಮಾರವ್ಯಾಸನ ಭಾಮಿನಿ ಷಟ್ಪದಿ ಮಕ್ಕಳ ಕಿವಿಗೆ ಬೇಗ ಹತ್ತುತ್ತದೆ. ಮೂರು-ನಾಲ್ಕು ಮಾತ್ರೆಯ ನಡೆ, ಮೂರನೆಯ ಮತ್ತು ಆರನೆಯ ಸಾಲು ಉದ್ದ. ಆದರೆ ಮೊದಲು ಕಥೆ ಹೇಳಿ, ಆಮೇಲೆ ಎರಡೋ ಮೂರೋ ಪದ್ಯ ವಾಚನ ಮಾಡಿಸಿ. ಹಿಂದುಮುಂದಾದರೆ ಮಕ್ಕಳು ರಾಗ ಕೇಳುತ್ತಾರೆ, ಕಥೆ ಕೈತಪ್ಪುತ್ತದೆ.

ನಮ್ಮ ಸೀಮೆಯ ಕಥೆಗಳನ್ನು ನಾವೇ ಮರೆಯುತ್ತಿರುವುದು ಇನ್ನೂ ದೊಡ್ಡ ನಷ್ಟ. ಮಲೆಯ ಮಾದೇಶ್ವರ ಜನಪದ ಕಾವ್ಯದ ಸಂಕಮ್ಮನ ಸಾಲನ್ನು, ಅಂದರೆ ಅವಳ ಕಥಾಭಾಗವನ್ನು, ಹದಿನೈದು ದಾಟಿದವರಿಗೆ ಹೇಳಲೇಬೇಕು. ಕಾಡಿಗೆ ಹೊರಟ ಗಂಡ ಹೆಂಡತಿಯ ಮೇಲೆ ನಂಬಿಕೆಯಿಲ್ಲದೆ ಭಾಷೆ ಕೇಳುತ್ತಾನೆ, ಅವಳು ಕೊಡಲೊಪ್ಪುವುದಿಲ್ಲ, ಅದಕ್ಕೆ ಹಿಂಸೆ ಅನುಭವಿಸುತ್ತಾಳೆ. ಮಾದಪ್ಪನ ಪವಾಡಕ್ಕೆ ಹಾರಬೇಡಿ. ಅನುಮಾನ ಪಟ್ಟವನ ಹೊಣೆ ಏನು ಎಂದು ಅಲ್ಲಿಯೇ ನಿಂತು ಮಾತಾಡಿಸಿ. ಮಂಟೇಸ್ವಾಮಿ ಕಾವ್ಯದಲ್ಲಿ ಕಬ್ಬಿಣದ ಭಿಕ್ಷೆಗೆಂದು ಹಲಗೂರಿಗೆ ಹೋದ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ, ಅಲ್ಲಿನ ಕಮ್ಮಾರರಾದ ಪಾಂಚಾಳರ ಪರೀಕ್ಷೆಗಳನ್ನು ಎದುರಿಸುವ ಭಾಗ ಮಳವಳ್ಳಿ ಕಡೆಯ ಮಕ್ಕಳಿಗೆ ಅವರದೇ ಊರಿನ ಕಥೆ. ಹಾಡಲು ಈ ಕಾವ್ಯದ ಪರಂಪರೆಯ ಗಾಯಕರಾದ ನೀಲಗಾರರನ್ನೇ ಕರೆಸಿ, ಹತ್ತು ನಿಮಿಷದಲ್ಲಿ ಮುಗಿಸಿ ಎನ್ನಬೇಡಿ. ಒಂದು ಸಾಲಿನ ಒಂದು ಭಾಗಕ್ಕೆ ಕಡೇಪಕ್ಷ 40 ನಿಮಿಷ ಬಿಡಿ. ಸಂಭಾವನೆಯನ್ನು ಮೊದಲೇ ಮಾತಾಡಿ, ಹಾಡು ಮುಗಿದೊಡನೆ ಕೈಗೆ ಕೊಡಿ.

ಗೊಂಬೆ ಕೂರಿಸುವವರು ಈ ಸಲ ಒಂದು ಮೆಟ್ಟಿಲನ್ನು ಮಕ್ಕಳಿಗೇ ಬಿಟ್ಟುಕೊಡಬಹುದು. ಕಥೆ ಅವರೇ ಆರಿಸಲಿ, ಮೂರು ದೃಶ್ಯ ಸಾಕು: ತೀರ್ಮಾನಕ್ಕೆ ಮುಂಚೆ, ತೀರ್ಮಾನದ ಗಳಿಗೆ, ಆಮೇಲೆ. ಗೊಂಬೆ ಸಾಲದಿದ್ದರೆ ಜೇಡಿಮಣ್ಣಿನಲ್ಲೋ ರಟ್ಟಿನಲ್ಲೋ ಮಾಡಿಕೊಳ್ಳಲಿ. ನೋಡಲು ಬಂದವರಿಗೆ ಮಗುವೇ ಮೂರು ನಿಮಿಷದಲ್ಲಿ ಕಥೆ ಹೇಳಲಿ, ತಡವರಿಸಿದರೆ ಪಕ್ಕದಿಂದ ಯಾರೂ ಹೇಳಿಕೊಡಬಾರದು. ದೇವಿಯ ಕಥೆಯನ್ನೇ ಆರಿಸಿದರೆ, ಶಿವನ ಶೂಲ, ವಿಷ್ಣುವಿನ ಚಕ್ರ, ವರುಣನ ಶಂಖ, ಹಿಮವಂತನ ಸಿಂಹ, ಹೀಗೆ ಒಬ್ಬೊಬ್ಬರೂ ತಮ್ಮ ಪಾಲನ್ನು ತಂದುಕೊಟ್ಟ ದೃಶ್ಯ ಒಂದು ಇರಲಿ. ಕಾಳಗದ ದೃಶ್ಯ ಎಲ್ಲ ಮನೆಯಲ್ಲೂ ಇರುತ್ತದೆ.

ಕೊನೆಯದಾಗಿ ಪತ್ರಿಕೆಯವರಲ್ಲೇ ಒಂದು ಕೋರಿಕೆ. ಮಕ್ಕಳ ಪುಟದಲ್ಲಿ ಕಥೆಯ ಕೆಳಗೆ ದಪ್ಪಕ್ಷರದಲ್ಲಿ ‘ನೀತಿ’ ಎಂದು ಒಂದು ಸಾಲು ಹಾಕುವ ರೂಢಿ ಕನ್ನಡದಲ್ಲಿ ಬಹಳ ಹಳೆಯದು. ಅದೇ ಜಾಗದಲ್ಲಿ ಎರಡು ಪ್ರಶ್ನೆ ಹಾಕಿ, ಉತ್ತರ ಅಚ್ಚು ಮಾಡಬೇಡಿ. ಮಕ್ಕಳಿಂದ ಬಂದ ಉತ್ತರಗಳಲ್ಲಿ ಒಂದಕ್ಕೊಂದು ಒಪ್ಪದ ಎರಡನ್ನು ಮುಂದಿನ ವಾರ ಅಕ್ಕಪಕ್ಕ ಪ್ರಕಟಿಸಿ. ದಸರಾ ರಜೆಯ ಸಂಚಿಕೆಯಿಂದಲೇ ಇದನ್ನು ಶುರುಮಾಡಲು ಸಾಧ್ಯವೇ ಎಂದು ದಯವಿಟ್ಟು ಯೋಚಿಸಿ.

ಇಂತಿ,
ಮಕ್ಕಳ ಕಥಾಕೂಟಗಳ ಒಬ್ಬ ಕಾರ್ಯಕರ್ತ,
ಪಾಂಡವಪುರ, ಮಂಡ್ಯ ಜಿಲ್ಲೆ