ಗೆಳತಿಗೊಂದು ಪತ್ರ: ಯಾವ ತಾರೀಖಿನಿಂದ?

ವಿಜಯಪುರ

ಪ್ರೀತಿಯ ಗೆಳತಿ,

ಅವತ್ತು ಫೋನಿನಾಗ ನೀ ಕೇಳಿದಾಗ "ಎಲ್ಲಾ ಆರಾಮ" ಅಂದುಬಿಟ್ಟೆ. ಅತ್ತಿ ಪಕ್ಕದಾಗ ಕುಂತಿದ್ರು. ಈಗ ಬರೀತೀನಿ, ಅದೂ ನಾಲ್ಕು ಮಂದಿ ಓದೂಹಂಗ. ಗಂಡ ಪರದೇಶದಾಗ, ಹೆಂಡತಿ ಅತ್ತಿಮನಿಯಾಗ ಅಂತ ಇರೂ ಹೆಣ್ಮಕ್ಕಳು ನಮ್ಮ ಕಡೆ ನಾ ಒಬ್ಬಾಕಿನೇ ಅಲ್ಲ.

ಸೋಡಚೀಟಿಗೆ, ಅಂದ್ರ ಡೈವೋರ್ಸಿಗೆ, ಅರ್ಜಿ ಹಾಕಾಕ ಹೊಂಟೀನಿ.

ಮೊದಲ ಅಂವಾ, "ಇಲ್ಲೇ ಕೆನಡಾದಾಗ ತಗೊಂಡು ಕಾಗದ ಕಳಸ್ತೀನಿ, ನಿನಗ್ಯಾಕ ಕೋರ್ಟು ಕಚೇರಿ" ಅಂದ. ಅಲ್ಲಿ ಒಂದು ವರ್ಷ ಬ್ಯಾರೆ ಇದ್ರ ಸಾಕು. ನಾ ವಕೀಲರನ್ನ ಕೇಳಿದ್ದು ಒಳ್ಳೇದಾತು. ನಮ್ಮ ಹಿಂದೂ ವಿವಾಹ ಕಾಯ್ದೆದಾಗ ಇಲ್ಲದ ಕಾರಣಕ್ಕ, ನಾ ಒಪ್ಪದ, ಅಲ್ಲಿ ಹಾಜರಾಗದ ಕೊಟ್ಟ ತೀರ್ಪು ಇಲ್ಲಿ ನಡೆಯಂಗಿಲ್ಲ ಅಂತ ಸುಪ್ರೀಂ ಕೋರ್ಟು 1991ರಾಗನ ಹೇಳೇತಿ. ಅಂದ್ರ ಅಂವಾ ಅಲ್ಲಿ ಬಿಡುಗಡೆ ಆಗ್ತಾನ, ನಾ ಇಲ್ಲಿ ಅವನ ಹೆಂಡತಿಯಾಗೇ ಉಳೀತೀನಿ. ಎಂಥಾ ಅನ್ಯಾಯ ನೋಡು! ಅದಕ್ಕ ಇಲ್ಲೇ ಹಾಕೂದು. ಹೆಂಡತಿ ತಾ ಇರೂ ಊರಾಗನ ಅರ್ಜಿ ಹಾಕಬಹುದು, 2003ರಿಂದ ಕಾಯ್ದೆನ ಹಂಗೈತಿ. ಇಬ್ಬರೂ ಒಪ್ಪಿ ಹಾಕಿದ್ರ ಲಗೂನ ಮುಗೀತೈತಿ. ಆರು ತಿಂಗಳು ಕಾಯೂದನ್ನೂ ಜಡ್ಜ್ ಸಾಹೇಬರು ಬಿಟ್ಟುಕೊಡಬಹುದು ಅಂತ 2017ರಾಗ ತೀರ್ಪು ಬಂದೈತಿ. ಆದ್ರ ಸಹಿ ಹಾಕು ಅಂದ್ರ ಅಂವಾ "ನೋಡೂಣು" ಅಂತಾನ. ಅವನ ನೋಡೂಣು ನಿನಗ ಗೊತ್ತಿದ್ದದ್ದ ಐತಿ.

ಹಂಗಾಗಿ ಉಳದದ್ದು ಪರಿತ್ಯಾಗ, ಅಂದ್ರ ಗಂಡ ಬಿಟ್ಟುಬಿಟ್ಟಾನ ಅನ್ನೂ ಕಾರಣ. ಅರ್ಜಿ ಹಾಕೂ ದಿನದಿಂದ ಹಿಂದಕ್ಕ ಸತತ ಎರಡು ವರ್ಷರ ಬಿಟ್ಟಿರಬೇಕು. ವಕೀಲರು ಪೆನ್ನು ತಗದು ಕೇಳಿದ್ರು: "ಯಾವ ತಾರೀಖಿನಿಂದ ಬಿಟ್ಟಾರವ್ವಾ?"

ನನಗ ಬಾಯೇ ಬರಲಿಲ್ಲ. ಅಂವಾ ಜಗಳಾ ಮಾಡಿ ಹೋಗಿಲ್ಲ. ನಾನೇ ಶೇಂಗಾ ಹೋಳಿಗಿ, ಅಗಸಿ ಚಟ್ನಿ ಕಟ್ಟಿ ಕಳಿಸಿದಾಕಿ. ತಿಂಗಳಾ ರೊಕ್ಕ ಬರ್ತೈತಿ. "ರೊಕ್ಕ ಕಳಸ್ತಾನಲ್ಲ, ಇನ್ನೇನ ಬೇಕ ನಿನಗ" ಅಂತ ಓಣಿಯಾಗ ಕೇಳ್ತಾರ. ರೊಕ್ಕ ಬರೂತನಕ ಗಂಡ ಅದಾನ ಅಂತನ ಮಂದಿ ಲೆಕ್ಕ. ಕಡೀಕ, ಬರೂ ಟಿಕೀಟ್ ರದ್ದು ಮಾಡಿ "ಇನ್ನ ಬರಾಂಗಿಲ್ಲ, ನಿನ್ನ ಕರಸ್ಕೊಳ್ಳೂದೂ ಇಲ್ಲ" ಅಂತ ವಾಟ್ಸಾಪಿನಾಗ ಬರದನಲ್ಲ, ಆ ತಾರೀಖು ಬರಕೊಂಡ್ರು. ಕೋರ್ಟಿಗೆ ಅದು ಆತು. ನೋಟಿಸು, ಕೋರ್ಟಿನ ಕಾಗದ ಪರದೇಶಕ್ಕ ಮುಟ್ಟಸಾಕ ದೇಶ-ದೇಶ ಮಾಡಕೊಂಡ 'ಹೇಗ್ ಒಪ್ಪಂದ'ದ ಪ್ರಕಾರ ಅಲ್ಲಿ ಸರಕಾರಿ ಕಚೇರಿ ದಾಟಿ ಅವನ ಕೈ ಸೇರಬೇಕು, ಅದು ಯಾವ ಕಾಲಕ್ಕೋ.

ಆದ್ರ ನನ್ನ ತಾರೀಖು ಅದಲ್ಲ.

ಐತವಾರ ಮುಂಜಾನೆ ಎಂಟಕ್ಕ ಅತ್ತಿಗೆ ಫೋನ್ ಮಾಡ್ತಿದ್ದ, ಅಲ್ಲಿ ಶನಿವಾರ ರಾತ್ರಿ. ಮಾತು ಮುಗದ ಮ್ಯಾಲ ಅತ್ತಿ ಫೋನ್ ನನ್ನ ಕೈಗೆ ಕೊಡೂದು. "ಊಟ ಆತಾ?" "ಆತು." "ಸರಿ." ಅಷ್ಟ. ಒಂದು ಐತವಾರ ನಾ ರೊಟ್ಟಿ ಬಡೀತಿದ್ದೆ. ಬೆರಳ ಸಂದಿಯಾಗೆಲ್ಲಾ ಜ್ವಾಳದ ಹಿಟ್ಟು, ಹಂಚಿನ ಮ್ಯಾಲಿನ ರೊಟ್ಟಿಗೆ ನೀರು ಸವರಬೇಕು. "ಕೈ ಖಾಲಿ ಇಲ್ಲ ಅಂತ ಹೇಳ್ರಿ" ಅಂದೆ. ಅಂವಾ "ಆತು" ಅಂದು ಇಟ್ಟುಬಿಟ್ಟ. ನನಗ ಬ್ಯಾಸರ ಆಗಲಿಲ್ಲ ಗೆಳತಿ. ಹಗೂರ ಆತು. ಹೊಟ್ಟಿ ತುಂಬ ಉಂಡೆ ಅವತ್ತು. ಮುಂದಿನ ಐತವಾರ ಬೇಕಂತನ ಅದ ಹೊತ್ತಿಗೆ ಹಿಟ್ಟು ಕಲಸಿದೆ. ಅದರ ಮುಂದಿನ ವಾರಾನೂ. ಆಮ್ಯಾಲ ಅಂವಾ ನನ್ನ ಕೇಳೂದ ಬಿಟ್ಟ.

ಅರ್ಜಿ ಸುದ್ದಿ ಅತ್ತಿಗೆ ಹೇಳಾಕ ನನಗ ಕೈಕಾಲು ನಡುಗಿದ್ವು. ಅವರು ಗುಳಗಿ ಡಬ್ಬಿ ಮುಚ್ಚಿ, "ಐತವಾರ ಎಂಟಕ್ಕ ನೀ ಹಿಟ್ಟಿಗೆ ಕೈ ಹಚ್ಚೂದು ನನಗ ಕಾಣೂದಿಲ್ಲನವ್ವಾ" ಅಂದ್ರು. ಬ್ಯಾರೆ ಏನೂ ಅನ್ನಲಿಲ್ಲ. ಅವನ್ನ ಬಿಡೂದಕ್ಕ ನನಗ ದುಃಖ ಇಲ್ಲ. ಇವರನ್ನ ಬಿಟ್ಟು ಹೆಂಗ ಹೋಗ್ಲಿ, ರಾತ್ರಿ ಬಿಪಿ ಗುಳಗಿ ಯಾರು ನೆನಪ ಮಾಡಿ ಕೊಡ್ತಾರ ಅಂತ ನಿದ್ದಿ ಹತ್ತವಲ್ದು.

ಇಷ್ಟೆಲ್ಲಾ ಬರೀಬೇಕಂತ ಕುಂತಿರಲಿಲ್ಲ. ಇರ್ಲಿ ಬಿಡು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರಿಗೆ ನೀ ಬರಾಕಬೇಕು. ಮದ್ದು ಸುಡೂದು ನೋಡೂಣು, ಅತ್ತಿನೂ ಕರಕೊಂಡು ಹೋಗೂಣು, ಮಿರ್ಚಿ ಭಜಿ ಖರ್ಚು ನಂದು. ಆ ಬಳಿಗಾರನ ಅಂಗಡಿ ಮುಂದ ಮಾತ್ರ ನೀ ಬಾಯಿ ತಗೀಬ್ಯಾಡ, ನಿನಗ ಕೈ ಮುಗೀತೀನಿ.

ನಿನ್ನ,
ಹಿಂದಿನ ಬೆಂಚಿನಾಕಿ