ಗಣಿ, ಲೋಹಶಾಸ್ತ್ರ ಓದಲು ಜರ್ಮನಿಗೆ ಹೊರಟವರಿಗೆ

ಗೆಳೆಯರೇ, ಮ್ಯೂನಿಕ್, ಆಖೆನ್ ಎರಡನ್ನೇ ನೋಡಿ ನಿಲ್ಲಬೇಡಿ. ಸ್ಯಾಕ್ಸನಿಯ ಫ್ರೈಬರ್ಗ್ ತಾಂತ್ರಿಕ ವಿಶ್ವವಿದ್ಯಾಲಯವನ್ನೂ ಪಟ್ಟಿಗೆ ಸೇರಿಸಿ. ಬೆಳ್ಳಿ ಗಣಿಗಳಿದ್ದ ಊರದು. ವಿಶ್ವವಿದ್ಯಾಲಯ 1765ರಲ್ಲಿ ಗಣಿ ಅಕಾಡೆಮಿಯಾಗಿ ಶುರುವಾಯಿತು. ಹೆಸರಾಂತ ಪ್ರಕೃತಿ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ಇಲ್ಲಿ ಓದಿದವರು.

ನಿಮ್ಮ ಮೊಬೈಲ್ ಪರದೆಯಲ್ಲಿ ಇಂಡಿಯಂ ಎಂಬ ಲೋಹ ಇದೆಯಲ್ಲ, ಅದನ್ನು 1863ರಲ್ಲಿ ಇಲ್ಲಿನ ರೈಷ್ ಮತ್ತು ರಿಕ್ಟರ್ ಕಂಡುಹಿಡಿದರು. ರೈಷ್ ಅವರಿಗೆ ಬಣ್ಣಗುರುಡು. ಅದಕ್ಕೇ ರೋಹಿತದಲ್ಲಿ, ಅಂದರೆ ಬೆಳಕು ಬಣ್ಣಗಳಾಗಿ ಬಿಡಿಬಿಡಿಯಾಗಿ ಕಾಣುವ ಪಟ್ಟಿಯಲ್ಲಿ, ಹೊಸ ಲೋಹದ ಗುರುತಾಗಿ ಮೂಡಿದ ಕಡುನೀಲಿ ಗೆರೆಯನ್ನು ಮೊದಲು ಕಂಡವರು ರಿಕ್ಟರ್. ಎಷ್ಟು ಸಲ ಓದಿದರೂ ನನಗೆ ರೋಮಾಂಚನವಾಗುತ್ತದೆ! 1886ರಲ್ಲಿ ವಿಂಕ್ಲರ್ ಜರ್ಮೇನಿಯಂ ಎಂಬ ಮೂಲಧಾತುವನ್ನು ಪತ್ತೆ ಮಾಡಿದ್ದೂ ಇಲ್ಲೇ.

ಇಂದಿಗೂ ಭೂವಿಜ್ಞಾನ, ಲೋಹ, ಇಂಧನ, ಪರಿಸರವೇ ಇದರ ಬಲ. ವಿಶ್ವವಿದ್ಯಾಲಯಕ್ಕೆ ರೈಷೆ ತ್ಸೆಷೆ ಎಂಬ ಗಣಿಯೂ ಇದೆ. ವಿದ್ಯಾರ್ಥಿಗಳು ಹೆಲ್ಮೆಟ್ ಹಾಕಿಕೊಂಡು ನೆಲದಡಿಗೇ ಇಳಿದು ಕಲಿಯುತ್ತಾರೆ. ಅರ್ಜಿ ಹಾಕುವ ಮುನ್ನ ಕೋರ್ಸಿನ ಬೋಧನಾ ಭಾಷೆ ಯಾವುದೆಂದು ತಪ್ಪದೆ ನೋಡಿಕೊಳ್ಳಿ.