ಆಲ್ಫಾ ಕೊಂಡೆಯ ಬಗ್ಗೆ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಜೀವಮಾನವಿಡೀ ಸರ್ವಾಧಿಕಾರವನ್ನು ವಿರೋಧಿಸಿದವರು ಕುರ್ಚಿ ಬಿಡಲಾರದೆ ಹೋದದ್ದೇಕೆ ಎಂದು ಪಶ್ಚಿಮ ಆಫ್ರಿಕಾದ ಗಿನಿ ದೇಶದ ಮಾಜಿ ಅಧ್ಯಕ್ಷ ಆಲ್ಫಾ ಕೊಂಡೆಯ ಕುರಿತು ನೀನು ಕೇಳಿದ್ದೆ. ಫೋನಿನಲ್ಲಿ ‘ಅಧಿಕಾರದ ಅಮಲು’ ಎಂದು ಹಾರಿಕೆಯ ಉತ್ತರ ಕೊಟ್ಟೆ. ಅದು ನನಗೇ ಸರಿಬರಲಿಲ್ಲ.

1938ರಲ್ಲಿ ಬೋಕೆಯಲ್ಲಿ ಹುಟ್ಟಿದ ಕೊಂಡೆ ಹದಿನೈದನೆಯ ವಯಸ್ಸಿಗೆ ಓದಲೆಂದು ಫ್ರಾನ್ಸಿಗೆ ಹೋದರು; ಅಲ್ಲಿನ ಆಫ್ರಿಕನ್ ವಿದ್ಯಾರ್ಥಿಗಳ ಒಕ್ಕೂಟದಲ್ಲಿ ಮುಂದಾಳಾದರು. ಅವರ ಎದುರಾಳಿ ಯಾರೆಂಬುದನ್ನು ಗಮನಿಸು. ಫ್ರಾನ್ಸಿನೊಂದಿಗೇ ಉಳಿಯಬೇಕೇ ಎಂದು ಕೇಳಿದ 1958ರ ಜನಮತಗಣನೆಯಲ್ಲಿ ಫ್ರೆಂಚ್ ನಾಯಕ ದ ಗಾಲ್‌ಗೆ ‘ಬೇಡ’ ಎಂದ ಏಕೈಕ ಆಫ್ರಿಕನ್ ವಸಾಹತು ಗಿನಿ. ಹಾಗೆ ಹೇಳಿಸಿ ಸ್ವತಂತ್ರ ಗಿನಿಯ ಮೊದಲ ಅಧ್ಯಕ್ಷನಾದ ಸೇಕು ತೂರೆ ಖಂಡಕ್ಕೆಲ್ಲ ವೀರ. ಅದೇ ತೂರೆಯ ಬೊಯ್ರೊ ಸೆರೆಮನೆಯಲ್ಲಿ, ಆಫ್ರಿಕನ್ ಏಕತಾ ಸಂಘಟನೆಯ ಮೊದಲ ಮಹಾಕಾರ್ಯದರ್ಶಿಯಾಗಿದ್ದ ದಿಯಾಲ್ಲೊ ತೆಲ್ಲಿ 1977ರಲ್ಲಿ ಅನ್ನನೀರಿಲ್ಲದೆ ಸತ್ತರು. ಅಂಥವನನ್ನು ಎದುರಿಸಿದ್ದಕ್ಕೆ ಕೊಂಡೆಯವರಿಗೆ ಗೈರುಹಾಜರಿಯಲ್ಲೇ ಮರಣದಂಡನೆಯಾಯಿತು. ವಸಾಹತುಶಾಹಿಯನ್ನು ಬೈಯುವುದಕ್ಕಿಂತ ಸ್ವಾತಂತ್ರ್ಯದ ನಾಯಕನನ್ನು ಪ್ರಶ್ನಿಸುವುದಕ್ಕೆ ಹೆಚ್ಚಿನ ಎದೆಗಾರಿಕೆ ಬೇಕಿತ್ತೆಂದೇ ನನ್ನ ಎಣಿಕೆ.

1991ರಲ್ಲಿ ಸ್ವದೇಶಕ್ಕೆ ಮರಳಿ ಆಗಿನ ಅಧ್ಯಕ್ಷ ಲಾನ್ಸಾನಾ ಕೊಂಟೆಯ ವಿರುದ್ಧ ಎರಡು ಬಾರಿ ಸ್ಪರ್ಧಿಸಿ ಸೋತರು. 1998ರ ಮತದಾನ ಮುಗಿದ ಬೆನ್ನಲ್ಲೇ ಬಂಧನಕ್ಕೊಳಗಾಗಿ, 2001ರಲ್ಲಿ ಕ್ಷಮಾದಾನ ಸಿಗುವವರೆಗೆ ಸೆರೆಯಲ್ಲಿದ್ದರು. 2010ರ ಮೊದಲ ಸುತ್ತಿನಲ್ಲಿ ಶೇ 18ರಷ್ಟೇ ಮತ ಪಡೆದವರು, ನಾಲ್ಕು ತಿಂಗಳ ನಂತರದ ಎರಡನೆಯ ಸುತ್ತಿನಲ್ಲಿ ಸುಮಾರು ಶೇ 52 ಮತ ಗಳಿಸಿ ಅಧ್ಯಕ್ಷರಾದರು.

ಎರಡು ಅವಧಿಗಳ ಮಿತಿ ಮುಗಿಯುತ್ತಾ ಬಂದಾಗ, 2020ರ ಮಾರ್ಚಿನಲ್ಲಿ ಹೊಸ ಸಂವಿಧಾನಕ್ಕೆ ಜನಮತ ಕೇಳಿ, ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಯಿತೆಂದು ವಾದಿಸಿ ಅಕ್ಟೋಬರಿನಲ್ಲಿ ಮೂರನೆಯ ಬಾರಿ ಗೆದ್ದರು. ಅದನ್ನು ವಿರೋಧಿಸಿ ಬೀದಿಗಿಳಿದ ಹುಡುಗರ ಮೇಲೆ ಗುಂಡು ಹಾರಿತು. ಇದು ಕೊನೆಗಾಲದ ಮತಿಭ್ರಮಣೆ ಎಂದು ನನಗೆ ಅನಿಸುವುದಿಲ್ಲ. ವಿರೋಧದ ದಿನಗಳಿಂದಲೂ ಪಕ್ಷವೆಂದರೆ ಅವರೇ ಆಗಿದ್ದರು, ಅವರ ಮಗ್ಗುಲಲ್ಲಿ ಎರಡನೆಯ ಹೆಸರು ಬೆಳೆಯಲಿಲ್ಲ. ದೇಶಭ್ರಷ್ಟತೆ ಮತ್ತು ಸೆರೆವಾಸಗಳನ್ನು ಅವರು ನಾಡು ತಮಗೆ ತೀರಿಸಬೇಕಾದ ಸಾಲವೆಂದು ಎಣಿಸಿಕೊಂಡಿರಬೇಕು. ಅನುಭವಿಸಿದ ಕಷ್ಟ ಸುಳ್ಳಲ್ಲವಾದ್ದರಿಂದಲೇ ಆ ಲೆಕ್ಕವನ್ನು ತಪ್ಪೆನ್ನಲು ಹತ್ತಿರದವರಿಗೂ ಬಾಯಿ ಬರಲಿಲ್ಲವೇನೋ.

ನೀನು ಕಳಿಸಿದ ಚಿತ್ರ, ಸೇನೆಯ ವಿಶೇಷ ದಳ ದಂಗೆಯೆದ್ದು ಅವರನ್ನು ಕೆಳಗಿಳಿಸಿದ 2021ರ ಸೆಪ್ಟೆಂಬರ್ 5ರದು: ಗುಂಡಿ ಬಿಚ್ಚಿದ ಅಂಗಿ, ಬರಿಗಾಲು, ಸೋಫಾದ ಸುತ್ತ ಬಂದೂಕು ಹಿಡಿದ ಸೈನಿಕರು. ಆ ವಿಶೇಷ ದಳವನ್ನು 2018ರಲ್ಲಿ ಕಟ್ಟಿಸಿದವರೂ ಕೊಂಡೆಯವರೇ.

ಇಂತಿ,
ನಿನ್ನ ಅಪ್ಪ